ಆರು ಕೆಂಪು ಚುಕ್ಕೆಯ ಬಿಳಿ ಚೆಂಡು: ಅರಾಮಿತ್ ಪ್ರೊ ಕಪ್ ಕ್ಯೂ ಬಾಲ್

ಪೂಲ್ ಆಡುವವರು ಬಣ್ಣದ ಚೆಂಡನ್ನು ಪಾಕೆಟ್‌ಗೆ ಹಾಕುವುದನ್ನು ಬೇಗ ಕಲಿಯುತ್ತಾರೆ. ಬಿಳಿ ಚೆಂಡು ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂಬಲ್ಲಿ ಮಾತ್ರ ವರ್ಷಗಟ್ಟಲೆ ತಡವರಿಸುತ್ತಾರೆ. ಅದಕ್ಕೊಂದು ಮುಖ್ಯ ಕಾರಣವಿದೆ: ಅಚ್ಚ ಬಿಳಿ ಚೆಂಡು ಜಾರುತ್ತಿದೆಯೋ ಉರುಳುತ್ತಿದೆಯೋ ಕಣ್ಣಿಗೆ ತಿಳಿಯುವುದೇ ಇಲ್ಲ. ಬೆಲ್ಜಿಯಂನ ಸಾಲ್ಯೂಕ್ ಕಂಪನಿ ಅರಾಮಿತ್ ಹೆಸರಿನಲ್ಲಿ ಮಾರುವ ಪ್ರೊ ಕಪ್ ಕ್ಯೂ ಬಾಲ್ ಈ ಒಂದು ಕೊರತೆಯನ್ನು ನೀಗಿಸುತ್ತದೆ. ಫಿನಾಲಿಕ್ ರೆಸಿನ್‌ನ ಚೆಂಡು, ಅಳತೆ 57.2 ಮಿ.ಮೀ., ಮೈಮೇಲೆ ಆರು ಕೆಂಪು ಚುಕ್ಕೆಗಳು. ದಾಳದ ಆರು ಮುಖಗಳ ನಡುಮಧ್ಯದಲ್ಲಿ ಒಂದೊಂದು ಬೊಟ್ಟಿಟ್ಟ ಹಾಗೆ. ಟಿವಿಯಲ್ಲಿ ದೊಡ್ಡ ಪಂದ್ಯ ನೋಡಿದವರಿಗೆ ಇದು ಹೊಸದಲ್ಲ; ನೋಡುಗರಿಗೆ ಸ್ಪಿನ್ ಕಾಣಲಿ ಎಂದೇ ಅಲ್ಲಿ ಇಂಥ ಚೆಂಡು ಬಳಸುತ್ತಾರೆ.

ಚುಕ್ಕೆ ಇದೆ ಎಂದಷ್ಟಕ್ಕೆ ಕಲಿಕೆ ಆಗುವುದಿಲ್ಲ, ಚೆಂಡನ್ನು ಜೋಡಿಸಿ ಇಡಬೇಕು. ಒಂದು ಚುಕ್ಕೆ ನೆತ್ತಿಯ ಮೇಲೆ, ಒಂದು ನೇರ ನಿಮ್ಮ ಕಡೆಗೆ, ಎಡಕ್ಕೊಂದು ಬಲಕ್ಕೊಂದು ಬರುವಂತೆ ಇಡಿ. ನಿಮ್ಮ ಕಡೆಗಿರುವ ಚುಕ್ಕೆಯೇ ಚೆಂಡಿನ ನಟ್ಟನಡು. ಟಿಪ್‌ಗೆ, ಅಂದರೆ ಕ್ಯೂ ಕೋಲಿನ ತುದಿಗೆ, ಚಾಕ್ ಹಚ್ಚಿ ಅಲ್ಲಿಗೇ ಹೊಡೆದು, ಚೆಂಡು ಎತ್ತಿ ಚಾಕ್ ಗುರುತು ನೋಡಿ. ನಡುವಿಗೇ ಹೊಡೆದೆ ಎಂದುಕೊಂಡ ಹೊಡೆತದ ಗುರುತು ಪಕ್ಕಕ್ಕೆ ಬಿದ್ದಿರುವುದು ತುಂಬ ಸಾಮಾನ್ಯ. ಹೊಡೆದ ಮೇಲೆ ಎಡಬಲದ ಚುಕ್ಕೆಗಳನ್ನೇ ಗಮನಿಸಿ. ಚೆಂಡು ಸರಿಯಾಗಿ ಉರುಳುತ್ತಿದ್ದರೆ ಅವು ಗಾಡಿಯ ಅಚ್ಚಿನ ಎರಡು ತುದಿಗಳಂತೆ ಪಕ್ಕದಲ್ಲೇ ಇರುತ್ತವೆ, ಉಳಿದ ನಾಲ್ಕು ಚಕ್ರದಂತೆ ಮುಂದಕ್ಕೆ ತಿರುಗುತ್ತವೆ. ಪಕ್ಕದ ಚುಕ್ಕೆಗಳು ಓಲಾಡಿದರೆ ಬೇಡದ ಸೈಡ್ (ಪಕ್ಕದ ಸ್ಪಿನ್) ಬಿದ್ದಿದೆ. ನೆತ್ತಿಯ ಚುಕ್ಕೆ ನೆತ್ತಿಯಲ್ಲೇ ಕೂತು ಚೆಂಡು ಮುಂದೆ ಸಾಗಿದರೆ ಅದು ಸ್ಟನ್, ಬರೀ ಜಾರಿಕೆ. ಆ ಚುಕ್ಕೆ ನಿಮ್ಮ ಕಡೆಗೆ ಹಿಮ್ಮುಖವಾಗಿ ಇಳಿದು ಬಂದರೆ ಸ್ಕ್ರೂ, ಅಂದರೆ ಹಿಮ್ಮುಖ ಸ್ಪಿನ್, ಇನ್ನೂ ಉಳಿದಿದೆ.

ಸಹಜ ಉರುಳು ಅಂದರೆ ಚೆಂಡು ಒಂದು ಸುತ್ತು ತಿರುಗುವಷ್ಟರಲ್ಲಿ ತನ್ನ ಸುತ್ತಳತೆಯಷ್ಟೇ ದೂರ ಹೋಗುವುದು. ಈ ಚೆಂಡಿಗೆ ಅದು ಸುಮಾರು 18 ಸೆಂ.ಮೀ. ಒಂಬತ್ತಡಿ ಟೇಬಲ್ ಮೇಲೆ ನಾಲ್ಕು ಡೈಮಂಡ್‌ಗಳ (ಟೇಬಲ್ ಅಂಚಿನ ಗುರುತುಗಳ) ದೂರ 127 ಸೆಂ.ಮೀ., ಅಂದರೆ ಏಳು ಸುತ್ತು. ಬರಿಗಣ್ಣಿಗೆ ಎಣಿಸಲು ಆಗದು. ಫೋನನ್ನು ಟೇಬಲ್ ಅಂಚಿನ ಎತ್ತರದಲ್ಲಿಟ್ಟು ಸ್ಲೋ ಮೋಷನ್‌ನಲ್ಲಿ ಚಿತ್ರೀಕರಿಸಿ. ಏಳಕ್ಕಿಂತ ಕಡಿಮೆ ಸುತ್ತು ಬಂದರೆ ದಾರಿಯಲ್ಲಿ ಎಲ್ಲೋ ಜಾರಿದೆ ಎಂದರ್ಥ.

ಇದರಲ್ಲಿ ಹೆಚ್ಚು ಜನ ಎಡವುವುದು ವೇಗದ ವಿಷಯದಲ್ಲಿ. ನಡುವಿಗೆ ಹೊಡೆದ ಚೆಂಡು ಮೊದಲು ಜಾರುತ್ತದೆ, ಬಟ್ಟೆಯ ಘರ್ಷಣೆ ಅದನ್ನು ನಿಧಾನವಾಗಿ ತಿರುಗಿಸುತ್ತದೆ, ಹೊರಟ ವೇಗದ ಏಳನೇ ಐದು ಭಾಗ ಉಳಿದಾಗ ಉರುಳು ಪೂರ್ಣವಾಗುತ್ತದೆ. ಈ ಜಾರಿಕೆಯ ದೂರ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. ಘರ್ಷಣಾಂಕ 0.2 ಎಂದಿಟ್ಟುಕೊಂಡು ಲೆಕ್ಕ ಹಾಕಿದರೆ ಸೆಕೆಂಡಿಗೆ 1 ಮೀಟರ್ ವೇಗದ ಚೆಂಡು ಸುಮಾರು 12 ಸೆಂ.ಮೀ. ಜಾರುತ್ತದೆ, 2 ಮೀಟರ್ ವೇಗದ್ದು ಅರ್ಧ ಮೀಟರ್, 4 ಮೀಟರ್ ವೇಗದ್ದು 2 ಮೀಟರ್. ಹಾಗಾಗಿ ಮೆಲ್ಲಗೆ ಹೊಡೆದಾಗ ಬಣ್ಣದ ಚೆಂಡಿಗೆ ತಾಗಿ ಮುಂದಕ್ಕೆ ಉರುಳಿದ ಬಿಳಿ ಚೆಂಡು ಅದೇ ಜಾಗದಿಂದ ಜೋರಾಗಿ ಹೊಡೆದಾಗ ಅಡ್ಡಕ್ಕೆ ಸರಿದುಹೋಗುತ್ತದೆ. ಗುರಿ ತಪ್ಪಿತು ಎಂದು ಆಟಗಾರರು ಕೈಯನ್ನು ದೂರುತ್ತಾರೆ. ನಿಜಕ್ಕೂ ಚೆಂಡು ಇನ್ನೂ ಜಾರುತ್ತಲೇ ಹೋಗಿ ತಾಗಿರುತ್ತದೆ. ಪ್ರೊ ಕಪ್‌ಗೆ ಕೊಟ್ಟ ದುಡ್ಡು ಸಾರ್ಥಕವಾಗುವುದು ಈ ವ್ಯತ್ಯಾಸವನ್ನು ಕಣ್ಣಾರೆ ಕಂಡಾಗ.

ಹೊಡೆದ ಕ್ಷಣದಿಂದಲೇ ಉರುಳಬೇಕೆಂದರೆ ಟಿಪ್ ಬಟ್ಟೆಯಿಂದ 40 ಮಿ.ಮೀ. ಎತ್ತರಕ್ಕೆ, ಅಂದರೆ ನಡುವಿಗಿಂತ 11 ಮಿ.ಮೀ. ಮೇಲಕ್ಕೆ ತಾಗಬೇಕು. ಅದು ಮಿಸ್‌ಕ್ಯೂ ಆಗುವ, ಅಂದರೆ ಟಿಪ್ ಚೆಂಡಿನಿಂದ ಜಾರಿಹೋಗುವ, ಅಂಚಿಗೆ ತೀರಾ ಹತ್ತಿರ. ಮೆಲ್ಲನೆಯ ಹೊಡೆತಕ್ಕೆ ಅಷ್ಟು ಮೇಲೆ ಹೋಗುವ ಅಗತ್ಯವಿಲ್ಲ. ಎರಡು ಚೆಂಡುಗಳ ನಡುವೆ ಎರಡಡಿ ಜಾಗವಿದ್ದರೆ ಬಟ್ಟೆಯೇ ಆ ಕೆಲಸ ಮಾಡಿಕೊಡುತ್ತದೆ.

ಉರುಳು ಖಚಿತವಾದ ಮೇಲೆ ಪೊಸಿಷನ್, ಅಂದರೆ ಮುಂದಿನ ಹೊಡೆತಕ್ಕೆ ಬಿಳಿ ಚೆಂಡನ್ನು ಬೇಕಾದಲ್ಲಿ ನಿಲ್ಲಿಸುವುದು, ಸುಲಭ. ಬಣ್ಣದ ಚೆಂಡಿನ ಕಾಲು ಭಾಗದಿಂದ ಮುಕ್ಕಾಲು ಭಾಗದವರೆಗೆ ಎಷ್ಟೇ ದಪ್ಪಕ್ಕೆ ತಾಗಿದರೂ, ಉರುಳುವ ಬಿಳಿ ಚೆಂಡು ಬಂದ ದಾರಿಯಿಂದ ಹೆಚ್ಚುಕಡಿಮೆ 30 ಡಿಗ್ರಿ ತಿರುಗುತ್ತದೆ. ಹಾಫ್ ಬಾಲ್‌ನಲ್ಲಿ (ಅರ್ಧ ಭಾಗಕ್ಕೆ ತಾಗಿದಾಗ) ಅತಿ ಹೆಚ್ಚು, ಸುಮಾರು 34. ತೋರುಬೆರಳು ಮತ್ತು ನಡುಬೆರಳನ್ನು ಅಗಲಿಸಿ, ಒಂದನ್ನು ಬಿಳಿ ಚೆಂಡು ತಾಗಲು ಹೋಗುವ ದಿಕ್ಕಿಗೆ ಹಿಡಿದರೆ ಇನ್ನೊಂದು ತಾಗಿದ ಮೇಲೆ ಅದರ ಮುಂದಿನ ದಾರಿ ತೋರಿಸುತ್ತದೆ. ಬಿಲಿಯರ್ಡ್ಸ್‌ನಲ್ಲಿ ಹಾಫ್ ಬಾಲ್ ಇನ್-ಆಫ್ (ಇನ್ನೊಂದು ಚೆಂಡಿಗೆ ತಾಗಿಸಿ ತನ್ನ ಚೆಂಡನ್ನೇ ಪಾಕೆಟ್‌ಗೆ ಹಾಕುವುದು) ಪಳಗಿಸಿಕೊಂಡ ಬೆಂಗಳೂರಿನ ಹಳೆಯ ಆಟಗಾರರಿಗೆ ಇದು ಕೈಗೆ ಬಂದ ವಿದ್ಯೆಯೇ. ಸ್ಟನ್ ಆದರೆ ಕೋನ ಬೇರೆ: ಬಣ್ಣದ ಚೆಂಡು ಹೋಗುವ ದಾರಿಗೆ ಬಿಳಿ ಚೆಂಡು 90 ಡಿಗ್ರಿಯಲ್ಲಿ ಹೊರಡುತ್ತದೆ. ಉರುಳುತ್ತಾ ಜೋರಾಗಿ ಬಂದ ಚೆಂಡು ಸಹ ಮೊದಲು ಈ 90ರ ಗೆರೆಯಲ್ಲಿ ಸ್ವಲ್ಪ ದೂರ ಓಡಿ ಆಮೇಲೆ ಬಾಗುತ್ತದೆ. ಕೊನೆಯ ದಿಕ್ಕು ಅದೇ, ದಾರಿ ಮಾತ್ರ ಪಕ್ಕಕ್ಕೆ ಸರಿದಿರುತ್ತದೆ. ಪಾಕೆಟ್‌ಗೆ ಬೀಳುವುದಿಲ್ಲ ಎಂದುಕೊಂಡ ಬಿಳಿ ಚೆಂಡು ಬೀಳುವುದು ಬಹಳ ಸಲ ಹೀಗೆಯೇ.

ಇನ್ನು ಕುಂದುಗಳು. ತೂಕ ನೋಡದೆ ಈ ಚೆಂಡು ಕೊಳ್ಳಬೇಡಿ. ಸವೆದ ಸೆಟ್‌ನ ಚೆಂಡುಗಳು ಅರ್ಧ ಮಿ.ಮೀ. ಕುಗ್ಗಿದ್ದರೂ ತೂಕದಲ್ಲಿ ನಾಲ್ಕು ಗ್ರಾಂಗೂ ಹೆಚ್ಚು ಕಡಿಮೆಯಾಗಿರುತ್ತವೆ. ಹೊಸ ಭಾರದ ಬಿಳಿ ಚೆಂಡು ಅವುಗಳ ಮೇಲೆ ಅಗತ್ಯಕ್ಕಿಂತ ಮುಂದೆ ನುಗ್ಗುತ್ತದೆ, ಮೇಲೆ ಹೇಳಿದ ಕೋನಗಳೂ ಕೆಡುತ್ತವೆ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಎರಡನ್ನೂ ತೂಗಿ ನೋಡಿ. ನಿಯಮದ ಮಿತಿ 156ರಿಂದ 170 ಗ್ರಾಂ. ನಾಣ್ಯ ಹಾಕುವ ಟೇಬಲ್‌ಗಳಿಗೆ ಇದು ಹೊಂದುವುದಿಲ್ಲ, ಬಿಳಿ ಚೆಂಡನ್ನು ಬೇರ್ಪಡಿಸಿ ಹೊರಹಾಕಲು ಅಲ್ಲಿ ಬೇರೆ ಬಗೆಯ ಚೆಂಡೇ ಬೇಕು. ಸ್ನೂಕರ್ ಚೆಂಡು 52.5 ಮಿ.ಮೀ., ಆದ್ದರಿಂದ ಅಲ್ಲಿಗೂ ಬೇಡ. ಟಿಪ್ ಎಲ್ಲಿ ತಾಗಬೇಕೆಂಬುದಷ್ಟನ್ನೇ ಕಲಿಯುವವರಿಗೆ ಅಮೆರಿಕದ ಪೂಲ್ ಆಟಗಾರ ಜಿಮ್ ರೆಂಪಿ ಹೆಸರಿನ, ಸುತ್ತುಗೆರೆಗಳಿರುವ ತರಬೇತಿ ಚೆಂಡು ಇದಕ್ಕಿಂತ ಸ್ಪಷ್ಟ. ಆದರೆ ಆಟದ ನಡುವೆ ಅದರ ಗೆರೆಗಳು ಕಣ್ಣಿಗೆ ಕಿರಿಕಿರಿ. ಚುಕ್ಕೆಯ ಚೆಂಡಿನಲ್ಲಿ ಪಂದ್ಯವನ್ನೇ ಆಡಬಹುದು.

ಬಟ್ಟೆಯ ಸ್ಥಿತಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಹೊಸ ನುಣುಪು ಬಟ್ಟೆಯಲ್ಲಿ ಜಾರಿಕೆ ಉದ್ದ, ಹಳೆಯದಾದ ಅಥವಾ ತೇವ ಹಿಡಿದ ಬಟ್ಟೆಯಲ್ಲಿ ಉರುಳು ಬೇಗ ಬರುತ್ತದೆ. ಕ್ಯೂವಿನ ಹಿಂತುದಿ ಎತ್ತಿ ಹೊಡೆದರೆ ಚೆಂಡು ಸಣ್ಣಗೆ ಪುಟಿಯುತ್ತದೆ, ಆಗ ಚುಕ್ಕೆಗಳು ಹೇಳುವುದನ್ನು ನಂಬಬೇಡಿ. ಕೈಬೆವರು, ಚಾಕ್ ಪುಡಿ ಕೂತ ಚೆಂಡನ್ನು ಉಗುರುಬೆಚ್ಚಗಿನ ನೀರಿಗೆ ಒಂದು ತೊಟ್ಟು ಪಾತ್ರೆ ತೊಳೆಯುವ ದ್ರವ ಹಾಕಿ ತೊಳೆದು, ಮೆತ್ತನೆಯ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಕೊಳ್ಳುವ ಮೊದಲು ದುಡ್ಡು ಕೊಡದೆ ಪರೀಕ್ಷಿಸುವ ದಾರಿಯೂ ಇದೆ. ಸೆಟ್‌ನಲ್ಲಿರುವ 9ರಿಂದ 15ರವರೆಗಿನ ಯಾವುದಾದರೂ ಪಟ್ಟೆ ಚೆಂಡನ್ನು ಬಿಳಿ ಚೆಂಡಿನ ಜಾಗದಲ್ಲಿಡಿ, ಪಟ್ಟೆ ನೆಟ್ಟಗೆ ನಿಂತು ಹೊಡೆಯುವ ದಿಕ್ಕಿಗೆ ನೇರವಾಗಿರಲಿ. ಉರುಳುವಾಗ ಪಟ್ಟೆ ಚಕ್ರದಂತೆ ಅಲುಗಾಡದೆ ಸಾಗಿದರೆ ಸೈಡ್ ಇಲ್ಲ. ಒಂದು ವಾರ ಇಷ್ಟು ಮಾಡಿದ ಮೇಲೂ ಸ್ಟನ್‌ಗೂ ಉರುಳಿಗೂ ನಡುವಿನ ಗಡಿ ಹಿಡಿಯಲು ಕಷ್ಟವಾಗುತ್ತಿದ್ದರೆ, ಆಗ ಪ್ರೊ ಕಪ್ ತರಿಸಿ.