ಕುದುರೆ ಇಷ್ಟ, ಆದ್ರೆ ಹತ್ತೋಕೆ ಭಯ ಅನ್ನೋ ದೊಡ್ಡವ್ರು ಈ ರೈಡಿಂಗ್ ಸ್ಕೂಲ್‌ಗೆ ಧೈರ್ಯವಾಗಿ ಹೋಗಿ

ಮಕ್ಕಳ ಬ್ಯಾಚ್ ಬಗ್ಗೆ, ಜಂಪಿಂಗ್ ಟ್ರೈನಿಂಗ್ ಬಗ್ಗೆ ಬೇಕಾದಷ್ಟು ಜನ ಬರ್ದಿದಾರೆ, ನಾನು ಬರೀತಿರೋದು ನಲವತ್ತು ದಾಟಿದ ಮೇಲೆ ಕಲಿಯೋಕೆ ಬರೋರಿಗೆ, ಅದ್ರಲ್ಲೂ ಕುದುರೆ ಕಂಡ್ರೆ ಪ್ರಾಣ ಆದ್ರೆ ಜೀನಿನ ಮೇಲೆ ಕೂತ ಕೂಡ್ಲೇ ಉಸಿರು ಕಟ್ಟೋರಿಗೆ. ನನ್ನ ಭಯಕ್ಕೆ ಕಾರಣ ಇತ್ತು. ಎಷ್ಟೋ ವರ್ಷದ ಹಿಂದೆ ಒಂದು ಹಿಲ್ ಸ್ಟೇಷನ್ನಲ್ಲಿ ಹೆಲ್ಮೆಟ್ ಕೊಡದೆ ಕೂರಿಸಿ, ಫೋಟೋ ಚೆನ್ನಾಗಿ ಬರ್ಲಿ ಅಂತ ಹಿಂದಿನಿಂದ ಕುದುರೆಗೆ ಬಾರಿಸಿ ಓಡಿಸಿಬಿಟ್ರು, ನಾನು ಜಾರಿ ಬಿದ್ದು ಮಣಿಕಟ್ಟು ಮುರೀತು. ಆಮೇಲೆ ಮದುವೆ ಮೆರವಣಿಗೆ ಕುದುರೆ ಎದುರಿಗೆ ಬಂದ್ರೂ ರಸ್ತೆ ಆ ಕಡೆಗೆ ಹೋಗಿ ನಿಲ್ತಿದ್ದೆ.

ಬೆಂಗಳೂರಲ್ಲಿ ರೈಡಿಂಗ್ ಸ್ಕೂಲ್‌ಗಳಿಗೆ ಬರ ಇಲ್ಲ. ನಮ್ಮ ಬೆಂಗಳೂರಿನ ಕುದುರೆ ಸವಾರ ಫೌವಾದ್ ಮಿರ್ಜಾ 2018ರ ಏಷ್ಯನ್ ಗೇಮ್ಸಲ್ಲಿ ಎರಡು ಬೆಳ್ಳಿ ಗೆದ್ದು, ಆಮೇಲೆ ಟೋಕಿಯೋ ಒಲಿಂಪಿಕ್ಸಲ್ಲಿ ಫೈನಲ್ ತನಕ ಹೋಗಿ 23ನೇ ಸ್ಥಾನ ತಗೊಂಡಿದ್ದು ನೋಡಿ ನಮಗೆಲ್ಲ ಎಷ್ಟು ಹೆಮ್ಮೆ ಆಯ್ತು, ಮಕ್ಕಳನ್ನ ಸೇರಿಸೋಕೆ ಬರೋ ಅಪ್ಪ ಅಮ್ಮಂದಿರ ಬಾಯಲ್ಲೂ ಅವ್ರ ಹೆಸ್ರೇ. ಒಳ್ಳೇದೇ. ಆದ್ರೆ ನಾನು ವಿಚಾರಿಸಿದ ಕಡೆ ಎಲ್ಲಾ ದೊಡ್ಡವರಿಗೆ ಒಂದೇ ಉತ್ತರ, "ಏನೂ ಆಗಲ್ಲ ಮೇಡಂ, ಹತ್ತಿ, ತಾನಾಗೇ ಹೋಗುತ್ತೆ ಭಯ". ತಾನಾಗೇ ಹೋಗಲ್ಲ ರೀ. ಈ ಸ್ಕೂಲ್ ಬೇರೆ ಅನ್ಸಿದ್ದು ಅಲ್ಲೇ, ಇಲ್ಲಿ ಯಾರೂ ನಂಗೆ ಹೆದರ್ಬೇಡಿ ಅನ್ನಲಿಲ್ಲ.

ಮೊದಲನೇ ಕ್ಲಾಸಲ್ಲಿ ಕುದುರೆ ಹತ್ತಿಸೋದೇ ಇಲ್ಲ, ದುಡ್ಡು ಕೊಟ್ಟು ಬಂದು ಇದೇನಪ್ಪಾ ಅನ್ಕೋಬೇಡಿ, ನನ್ನ ಕೇಳಿದ್ರೆ ಇಡೀ ಕೋರ್ಸಲ್ಲಿ ಅದೇ ಬೆಸ್ಟ್ ಕ್ಲಾಸ್. ಲಾಯದಲ್ಲಿ ವಯಸ್ಸಾದ ಸೈಸ್, ಅಂದ್ರೆ ಕುದುರೆ ಚಾಕರಿ ಮಾಡೋರು, ಒಬ್ರಿದಾರೆ, ಜೀವಮಾನ ಎಲ್ಲಾ ರೇಸ್ ಕುದುರೆ ನೋಡ್ಕೊಂಡವ್ರು, ಅವ್ರ ಕೈಗೆ ನಮ್ಮನ್ನ ಒಪ್ಪಿಸ್ತಾರೆ. "ಎದುರಿಂದ ಸೀದಾ ಹೋಗ್ಬೇಡಿ ಅಕ್ಕಾ, ಹಿಂದಿನಿಂದಂತೂ ಬೇಡ್ವೇ ಬೇಡ, ಭುಜದ ಕಡೆಯಿಂದ ಮಾತಾಡ್ತಾ ಹೋಗಿ" ಅಂದ್ರು. ಕುದುರೆ ಕಣ್ಣು ತಲೆಯ ಪಕ್ಕಕ್ಕಿರೋದ್ರಿಂದ ಸುತ್ತ ಹೆಚ್ಚುಕಮ್ಮಿ ಎಲ್ಲಾ ಕಾಣುತ್ತೆ, ಆದ್ರೆ ಮೂತಿಯ ನೇರ ಮುಂದೆ ಮತ್ತೆ ಬಾಲದ ನೇರ ಹಿಂದೆ ಕಾಣಲ್ಲ, ಅಲ್ಲಿಂದ ದಿಢೀರ್ ಅಂತ ಏನಾದ್ರೂ ಬಂದ್ರೆ ಬೆಚ್ಚುತ್ತೆ. ಹಿಲ್ ಸ್ಟೇಷನ್ ಕುದುರೆ ಯಾಕೆ ಹಾಗೆ ಓಡ್ತು ಅಂತ ನಂಗೆ ಗೊತ್ತಾಗಿದ್ದು ಆ ಲಾಯದಲ್ಲಿ ನಿಂತಾಗ.

ನಂಗೆ ಕೊಟ್ಟಿದ್ದು ಚಂದ್ರಿ ಅಂತ ಕಂದು ಬಣ್ಣದ ಹೆಣ್ಣು ಕುದುರೆ. ಅದರ ಮೈ ಬ್ರಷ್ ಮಾಡೋಕೆ ಹೇಳಿದ್ರು. ಕತ್ತಿಂದ ಶುರು ಮಾಡಿ ಭುಜಕ್ಕೆ ಬರೋ ಹೊತ್ತಿಗೆ ಅದು ಒಂದು ಕಿವಿ ನನ್ನ ಕಡೆ ತಿರುಗಿಸ್ತು, ಇನ್ನೊಂದು ಕಿವಿ ಹೊರಗೆ ಬಕೆಟ್ ಸದ್ದಿನ ಕಡೆಗೆ. ಸೈಸ್ ಅಣ್ಣ ತೋರಿಸಿದ್ರು, ಕಿವಿ ಹೀಗೆ ಆಡ್ತಿದ್ರೆ ಅದು ಕೇಳಿಸ್ಕೊಳ್ತಿದೆ ಅಂತ, ಎರಡೂ ಕಿವಿ ಹಿಂದಕ್ಕೆ ಅಂಟ್ಕೊಂಡ್ರೆ ಸಿಟ್ಟು, ದೂರ ಸರೀಬೇಕು. ಆಮೇಲೆ ಅಂಗೈನ ಅದರ ಪಕ್ಕೆ ಮೇಲೆ ಇಡಿಸಿ ಉಸಿರಾಟ ಎಣಿಸೋಕೆ ಹೇಳಿದ್ರು. ಬಿಸಿ ಮೈ, ನಿಧಾನಕ್ಕೆ ಉಬ್ಬುತ್ತೆ, ಇಳಿಯುತ್ತೆ, ನಾನು ಒಂದು ಸಲ ಎಣಿಸೋಷ್ಟರಲ್ಲಿ ನನ್ನ ಉಸಿರು ಎರಡು ಮೂರು ಸಲ ಆಗಿರ್ತಿತ್ತು. ಎಣಿಸ್ತಾ ಎಣಿಸ್ತಾ ನನ್ನದೂ ನಿಧಾನ ಆಯ್ತು.

ಇನ್ಸ್ಟ್ರಕ್ಟರ್ ಆರ್ಮಿಯಿಂದ ರಿಟೈರ್ ಆದವ್ರು, ಗಟ್ಟಿ ದನಿ, ಆದ್ರೆ ಒಂದು ದಿನಕ್ಕೂ ಗದರಿಲ್ಲ. ಅವ್ರು ಕೇಳಿದ ಮೊದಲ ಪ್ರಶ್ನೆ, "ಭಯ ಆದಾಗ ಮೈಯಲ್ಲಿ ಎಲ್ಲಿ ಗೊತ್ತಾಗುತ್ತೆ ಮೇಡಂ, ಹೊಟ್ಟೇಲಾ, ಕೈಯಲ್ಲಾ, ಮಂಡೀಲಾ?" ನಂದು ಮಂಡಿ. ಭಯಕ್ಕೆ ಮಂಡಿ ಬಿಗಿ ಹಿಡಿದ್ರೆ ಹಿಮ್ಮಡಿ ಮೇಲಕ್ಕೆ ಏರುತ್ತೆ, ಹಿಮ್ಮಡಿ ಕುದುರೆ ಹೊಟ್ಟೆಗೆ ತಾಗುತ್ತೆ, ಕುದುರೆಗೆ ಅದರ ಅರ್ಥ ಮುಂದೆ ನಡಿ ಅಂತ. ಅದು ಹೆಜ್ಜೆ ಹಾಕಿದ ತಕ್ಷಣ ನಾವು ಸ್ಕೂಟರ್ ಹ್ಯಾಂಡಲ್ ಹಿಡಿದ ಹಾಗೆ ಲಗಾಮು ಹಿಡಿದು ಎಳೀತೀವಿ, ಕಡಿವಾಣ ಬಾಯಿಗೆ ಒತ್ತುತ್ತೆ, ಹೋಗು ಅಂತಾನೂ ಹೇಳಿದ ಹಾಗಾಯ್ತು, ನಿಲ್ಲು ಅಂತಾನೂ ಹೇಳಿದ ಹಾಗಾಯ್ತು, ಪಾಪ ಅದೇನು ಮಾಡ್ಬೇಕು. ಕುದುರೆಗೆ ನಮ್ಮ ಭಯ ಗೊತ್ತಾಗುತ್ತೆ ಅಂತ ಎಲ್ರೂ ಹೇಳ್ತಾರಲ್ಲ, ಅದು ಮಂತ್ರ ಏನಲ್ಲ, ಬಹುಪಾಲು ಹೀಗೆ ಮೈ ಮೂಲಕಾನೇ ಗೊತ್ತಾಗೋದು. 2009ರಲ್ಲಿ ಸ್ವೀಡನ್ನಿನ ಸಂಶೋಧಕರು ಇದನ್ನೇ ಪರೀಕ್ಷೆ ಮಾಡಿ ಬರ್ದಿದಾರೆ, ಕುದುರೆ ಹಿಡ್ಕೊಂಡು ನಡೆಯೋರಿಗೂ ಸವಾರರಿಗೂ ಕೊನೇ ಸುತ್ತಲ್ಲಿ ಪಕ್ಕದಲ್ಲಿ ಕೊಡೆ ಬಿಚ್ತೀವಿ ಅಂತ ಹೇಳಿ ಕಳಿಸಿದ್ರಂತೆ, ಕೊಡೆ ಬಿಚ್ಚಲೇ ಇಲ್ಲ, ಆದ್ರೂ ಜನರ ಎದೆಬಡಿತ ಜೊತೆಗೆ ಕುದುರೆಯ ಎದೆಬಡಿತಾನೂ ಜಾಸ್ತಿ ಆಯ್ತು. ಕುದುರೆಗೆ ಕೊಡೆ ವಿಷಯ ಗೊತ್ತೇ ಇರ್ಲಿಲ್ಲ ನೋಡಿ.

ಅದಕ್ಕೇ ಇಲ್ಲಿ ಮೊದಮೊದಲು ಲಗಾಮು ನಮ್ಮ ಕೈಗೆ ಕೊಡಲ್ಲ. ಲಂಜ್ ಅಂತಾರೆ, ಉದ್ದ ಹಗ್ಗ ಇನ್ಸ್ಟ್ರಕ್ಟರ್ ಕೈಯಲ್ಲಿ, ಕುದುರೆ ಅವ್ರ ಸುತ್ತ ದೊಡ್ಡ ಸುತ್ತು ಬರುತ್ತೆ, ಓಡಿಸೋದು ನಿಲ್ಲಿಸೋದು ಎಲ್ಲಾ ಅವ್ರ ಜವಾಬ್ದಾರಿ, ನಮಗೆ ಕೂತ್ಕೊಳ್ಳೋ ಕೆಲಸ ಮಾತ್ರ. ಕೈ ಎರಡೂ ಪಕ್ಕಕ್ಕೆ ಚಾಚು, ಭುಜ ತಿರುಗಿಸು, ರಿಕಾಪಿನಿಂದ, ಅಂದ್ರೆ ಜೀನಿಂದ ನೇತಾಡೋ ಪಾದ ಇಡೋ ಬಳೆಯಿಂದ, ಕಾಲು ತೆಗೆದು ಇಳಿಬಿಡು. ಟ್ರಾಟ್‌ಗೆ, ಅಂದ್ರೆ ಕುದುರೆಯ ಸಣ್ಣ ಓಟಕ್ಕೆ, ಬಂದಾಗ ನಾನು ಉಸಿರು ಹಿಡೀತಿದ್ದೆ, ಅದಕ್ಕೆ ಅವ್ರು ಜೋರಾಗಿ ಹದಿಮೂರರ ಮಗ್ಗಿ ಹೇಳಿ ಅಂದ್ರು. ಬಾಯಿ ಮಾತಾಡ್ತಿದ್ರೆ ಉಸಿರು ಹಿಡಿಯೋಕೆ ಆಗಲ್ಲ, ತಲೆ ಲೆಕ್ಕದಲ್ಲಿದ್ರೆ ಬೀಳ್ತೀನೇನೋ ಅನ್ನೋ ಯೋಚನೆಗೆ ಜಾಗ ಇರಲ್ಲ. ಟ್ರಾಟ್ ಎರಡು ತಾಳದ ನಡಿಗೆ, ಎದ್ದು ಕೂತು ಎದ್ದು ಕೂತು ಮಾಡ್ಬೇಕು, ಮಗ್ಗಿ ಆ ತಾಳಕ್ಕೆ ತಾನಾಗೇ ಸೇರ್ಕೊಳ್ತು. ಹದಿಮೂರೇಳಲೆ ಹತ್ರ ಬರೋ ಹೊತ್ತಿಗೆ ಮಂಡಿ ಸಡಿಲ ಆಗಿದ್ದು ನಂಗೇ ಗೊತ್ತಾಯ್ತು.

ಇನ್ನೊಂದು ಇವ್ರು ಬಹಳ ಬೇಗ ಕಲಿಸೋದು ಇಳಿಯೋದು. ಎಮರ್ಜೆನ್ಸಿ ಡಿಸ್ಮೌಂಟ್, ಅಂದ್ರೆ ಎರಡೂ ಕಾಲು ರಿಕಾಪಿನಿಂದ ಬಿಡಿಸಿ, ಮುಂದಕ್ಕೆ ಬಾಗಿ, ಕಾಲು ಹಿಂದಿನಿಂದ ದಾಟಿಸಿ ಜಾರಿ ನಿಲ್ಲೋದು. ಮೊದ್ಲು ನಿಂತ ಕುದುರೆ ಮೇಲೆ, ಆಮೇಲೆ ನಡೆಯೋ ಕುದುರೆ ಮೇಲೆ, ಮತ್ತೆ ಮತ್ತೆ ಮಾಡಿಸ್ತಾರೆ. ಯಾವಾಗ ಬೇಕಾದ್ರೂ ಇಳೀಬಹುದು ಅಂತ ಮೈಗೆ ಗೊತ್ತಾದ್ಮೇಲೆ ಮೇಲೆ ಕೂರೋದು ಸಲೀಸಾಗುತ್ತೆ. ಸಾಕು ಅಂದ್ರೆ ಸಾಕು ಇಲ್ಲಿ, ಕ್ಯಾಂಟರ್, ಅಂದ್ರೆ ಟ್ರಾಟ್‌ಗಿಂತ ಜೋರು ಓಟ, ಬೇಡ ಅಂತ ಎಷ್ಟು ವಾರ ಹೇಳಿದ್ರೂ ಒತ್ತಾಯ ಇಲ್ಲ.

ಈಚೆಗೆ ಒಂದಿನ ಗಾಳಿಗೆ ಹುಲ್ಲಿನ ಮೇಲೆ ಹೊದಿಸಿದ್ದ ಟಾರ್ಪಾಲ್ ಪಟಪಟ ಅಂತ ಎದ್ದು ಚಂದ್ರಿ ಪಕ್ಕಕ್ಕೆ ಹಾರ್ತು. ಎದೆ ಧಸಕ್ ಅಂತು ನಿಜ, ಆದ್ರೆ ಕುತ್ತಿಗೆ ಪಟ್ಟಿ ಹಿಡಿದು, ಸೊಂಟ ಭಾರ ಬಿಟ್ಟು ಕೂತು, ಉಸಿರು ಹೊರಗೆ ಬಿಟ್ಟು, ಒಂದು ಕಡೆ ಲಗಾಮಿಂದ ಸಣ್ಣ ಸುತ್ತು ತಿರುಗಿಸಿದೆ, ನಿಲ್ತು. ಹೇಳಿಕೊಟ್ಟಿದ್ದೆಲ್ಲ ಕೈಗೆ ತಾನಾಗೇ ಬಂತು. ಭಯ ಪೂರ್ತಿ ಹೋಗಿದೆ ಅಂತ ನಾನು ಹೇಳಲ್ಲ, ಬಂದಾಗ ಏನು ಮಾಡ್ಬೇಕು ಅಂತ ಗೊತ್ತಿದೆ, ಅಷ್ಟು ಸಾಕು ನಂಗೆ.

ಸರಿ ಇಲ್ಲದ್ದೂ ಹೇಳ್ಬೇಕು. ಭಾನುವಾರ ವಿಪರೀತ ರಶ್, ಒಬ್ಬ ಇನ್ಸ್ಟ್ರಕ್ಟರ್‌ಗೆ ತುಂಬಾ ಜನ ಆಗ್ತಾರೆ, ಭಯ ಇರೋರು ದಯವಿಟ್ಟು ವಾರದ ದಿನ ಬೆಳಿಗ್ಗೆ ಸ್ಲಾಟ್ ತಗೊಳ್ಳಿ. ಮಳೆ ಬಂದ್ರೆ ಕ್ಲಾಸ್ ಕ್ಯಾನ್ಸಲ್, ಮೆಸೇಜ್ ಮಾತ್ರ ನಾವು ಅರ್ಧ ದಾರಿ ಬಂದ್ಮೇಲೆ ಬರುತ್ತೆ. ಟಾಯ್ಲೆಟ್ ಸುಧಾರಿಸ್ಬೇಕು. ಅವ್ರು ಕೊಡೋ ಹೆಲ್ಮೆಟ್ ಎಷ್ಟು ತಲೆ ಕಂಡಿದ್ಯೋ ಏನೋ, ಒಳಗಿನ ಸ್ಪಾಂಜ್ ಸವೆದಿದೆ, ನಂಗೆ ಸ್ವಲ್ಪಾನೂ ಸಮಾಧಾನ ಇಲ್ಲ ಅದ್ರಲ್ಲಿ, ಮ್ಯಾನೇಜ್‌ಮೆಂಟ್ ಇದನ್ನ ಓದಿದ್ರೆ ಮೊದ್ಲು ಹೆಲ್ಮೆಟ್ ಬದಲಾಯಿಸಿ ಪ್ಲೀಸ್. ಫೀಸ್ ಕಮ್ಮಿ ಅಲ್ಲ, ಆದ್ರೆ ಕುದುರೆಗಳು ಚೆನ್ನಾಗಿ ತಿಂದುಂಡು ಗುಂಡುಗುಂಡಾಗಿವೆ, ಗೊರಸು, ಲಾಳ ಎಲ್ಲಾ ನೀಟಾಗಿದೆ, ದಿನಕ್ಕೆ ಇಷ್ಟೇ ಕ್ಲಾಸ್ ಅಂತ ಒಂದೊಂದಕ್ಕೂ ಲೆಕ್ಕ ಇಟ್ಟಿದಾರೆ, ಅದಕ್ಕೆ ಕೊಡೋ ದುಡ್ಡು ಅಂದ್ಕೊಂಡು ಕೊಡ್ತೀನಿ. ಸೇರುವಾಗ ನಮ್ಮ ತೂಕ ಕೇಳ್ತಾರೆ, ಬೇಜಾರು ಮಾಡ್ಕೋಬೇಡಿ, ಯಾವ ಕುದುರೆ ಕೊಡ್ಬೇಕು ಅನ್ನೋದು ಅದರ ಮೇಲೆ.

ಹೋಗೋರು ಮುಂಚೆ ಡೆಕಾತ್ಲಾನ್‌ನಲ್ಲಿ ರೈಡಿಂಗ್ ಹೆಲ್ಮೆಟ್ ತಲೆಗೆ ಹಾಕಿ ನೋಡಿ ಸರಿಯಾದ ಸೈಜ್ ತಗೊಳ್ಳಿ, ಸೈಕಲ್ ಹೆಲ್ಮೆಟ್ ನಡೆಯಲ್ಲ. ಶೂಗೆ ಸಣ್ಣ ಹೀಲ್ ಇರ್ಬೇಕು, ಇಲ್ದಿದ್ರೆ ಪಾದ ರಿಕಾಪಿನ ಒಳಗೆ ಜಾರಿ ಸಿಕ್ಕಾಕ್ಕೊಳ್ಳುತ್ತೆ. ಜೀನ್ಸ್ ಬೇಡ, ಒಳತೊಡೆ ಉಜ್ಜಿ ಸಿಪ್ಪೆ ಏಳುತ್ತೆ, ದಪ್ಪ ಲೆಗ್ಗಿಂಗ್ಸ್ ಆರಾಮ. ಫೋನ್ ಮಾಡುವಾಗ್ಲೇ ನಂಗೆ ಭಯ ಇದೆ, ಲಂಜ್ ಕ್ಲಾಸ್ ಬೇಕು, ಚಂದ್ರಿ ಸಿಗುತ್ತಾ ಅಂತ ಕೇಳಿ.