ಸಿ ನಾ ಪೈಥಾನ್ ನಾ: ಮೊದಲ ಇನ್‌ಪುಟ್ ಯಾವ್ದರಲ್ಲಿ ಓದ್ಬೇಕು?

ತುಮಕೂರು ಕಡೆ ಪಿಯುಸಿ ಮುಗ್ಸಿ ಕೋಡಿಂಗ್ ಶುರು ಮಾಡೋರು ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಸಿ ಕಲೀಲಾ ಪೈಥಾನ್ ಕಲೀಲಾ ಅಂತ ಕೇಳ್ತಾನೇ ಇರ್ತಾರೆ, ಕೀಬೋರ್ಡಿಂದ ನಂಬರ್ ಓದೋ ಪ್ರೋಗ್ರಾಂ ಎರಡರಲ್ಲೂ ಬರೆದು ನೋಡಿ, ವ್ಯತ್ಯಾಸ ಅಲ್ಲೇ ಗೊತ್ತಾಗತ್ತೆ. ಪೈಥಾನಲ್ಲಿ ಇನ್‌ಪುಟ್ ಅಂತ ಒಂದೇ ಲೈನ್. ಆದ್ರೆ ಏನು ಟೈಪ್ ಮಾಡಿದ್ರೂ ಅದು ಸ್ಟ್ರಿಂಗ್ (ಅಂದ್ರೆ ಬರೀ ಅಕ್ಷರಗಳ ಸಾಲು) ಆಗೇ ಕೊಡತ್ತೆ, ತಿಪಟೂರು ಮಾರ್ಕೆಟ್‌ಗೆ ಹೋಗೋ ಎರಡು ಕೊಬ್ಬರಿ ಚೀಲದ ತೂಕ 40, 45 ಅಂತ ಹಾಕಿ ಕೂಡಿಸಿದ್ರೆ 85 ಬರಲ್ಲ, 4045 ಬರತ್ತೆ! ಅದನ್ನ ಪೂರ್ಣಾಂಕ ಮಾಡೋ ಇಂಟ್ (int) ಒಳಗೆ ಹಾಕಿದ್ರೆ ಸರಿಹೋಗತ್ತೆ. ಸಿ ನಲ್ಲಿ ವೇರಿಯೇಬಲ್ (ನಂಬರ್ ಇಟ್ಕೊಳೋ ಹೆಸರಿರೋ ಜಾಗ) ಮೊದ್ಲೇ ಡಿಕ್ಲೇರ್ ಮಾಡ್ಬೇಕು, ಇನ್‌ಪುಟ್ ಓದೋ ಸ್ಕ್ಯಾನ್‌ಎಫ್‌ಗೆ (scanf) ಪೂರ್ಣಾಂಕ ಅಂತ ಹೇಳೋ ಪರ್ಸೆಂಟ್ ಡಿ (%d) ಕೊಡ್ಬೇಕು, ವೇರಿಯೇಬಲ್ ಮುಂದೆ ಆಂಪರ್ಸಂಡ್ (&) ಹಾಕ್ಬೇಕು ಯಾಕಂದ್ರೆ ಅದಕ್ಕೆ ಬೇಕಿರೋದು ಮೆಮೊರಿ ಅಡ್ರೆಸ್ಸು, ಮರೆತ್ರೆ ಕಂಪೈಲರ್ (ಕೋಡನ್ನ ಮೆಷಿನ್ ಭಾಷೆಗೆ ತಿರುಗಿಸೋ ಪ್ರೋಗ್ರಾಂ) ಬರೀ ವಾರ್ನಿಂಗ್ ಕೊಟ್ಟು ಸುಮ್ನಾಗಬಹುದು, ಆಮೇಲೆ ರನ್ ಮಾಡಿದಾಗ ಕ್ರ್ಯಾಶ್ ಆಗಬಹುದು. ನಂಬರ್ ಆದ್ಮೇಲೆ ಪರ್ಸೆಂಟ್ ಸಿ (%c) ಇಂದ ಒಂದು ಅಕ್ಷರ ಓದಿದ್ರೆ ನಂಬರ್ ಹಾಕಿ ಒತ್ತಿದ ಎಂಟರ್ರೇ ಅಕ್ಷರ ಆಗಿ ಬಂದ್ಬಿಡತ್ತೆ, ಪರ್ಸೆಂಟ್‌ಗೆ ಮುಂಚೆ ಒಂದು ಸ್ಪೇಸ್ ಬಿಟ್ರೆ ಸಾಕು, ಇದನ್ನ ಲ್ಯಾಬಲ್ಲಿ ಮೊದ್ಲೇ ಹೇಳ್ಕೊಡ್ಬೇಕು, ಪಾಪ ಹುಡುಗ್ರು ಒದ್ದಾಡ್ತಾರೆ. ಸಿ ಗೆ ಸೆಮಿಕೋಲನ್, ಕರ್ಲಿ ಬ್ರಾಕೆಟ್, ಪೈಥಾನ್‌ಗೆ ಕೋಲನ್, ಇಂಡೆಂಟ್ (ಸಾಲಿನ ಶುರುವಲ್ಲಿ ಜಾಗ ಬಿಡೋದು), ಅಷ್ಟೇ. ನನ್ನ ಕೇಳಿದ್ರೆ ಕಾಲೇಜಲ್ಲಿ ಸಿ ಲ್ಯಾಬ್ ಇದ್ರೆ ಸಿ ಇಂದಾನೇ ಶುರು ಮಾಡಿ, ಸ್ವಂತ ಆಸಕ್ತಿಗೆ ಕಲಿಯೋರಾದ್ರೆ ಕಣ್ಮುಚ್ಚಿ ಪೈಥಾನ್ ತಗೊಳಿ.