ಮಲಯಾಳದಲ್ಲಿದ್ದ ಒಂದು ಸಾಲು, ನನ್ನ 32 ಪವನ್

"ಎರಡು ವರ್ಷದ ಮದುವೆ, ಮಕ್ಕಳೂ ಇಲ್ಲ. ಪಾಲು ಮಾಡಲಿಕ್ಕೆ ಎಂತ ಉಂಟು? ಬೇಗ ಸೈನ್ ಹಾಕಿ ಮುಗಿಸಿ."

ಕೇರಳದ ಕಾಸರಗೋಡಿನ ಬದಿಯಡ್ಕ ಹತ್ತಿರದ ನಮ್ಮ ಮನೆಯ ಜಗಲಿಯಲ್ಲಿ ಕೂತು ಹಿರಿಯರೊಬ್ಬರು ನನ್ನ ಡೈವೋರ್ಸಿನ ಬಗ್ಗೆ ಅಪ್ಪನಿಗೆ ಹೇಳಿದ ಮಾತು ಇದು. ಅಪ್ಪ ತಲೆಯಾಡಿಸಿದರು. ನಾನೂ ಹೂಂ ಅಂದೆ. ಆಗ ನನಗೆ ಬೇಕಾಗಿದ್ದದ್ದು ನಿದ್ದೆ ಮಾತ್ರ. ಯಾರಾದರೂ ಇದನ್ನು ಮುಗಿಸಿಕೊಟ್ಟರೆ ಸಾಕು ಅನ್ನಿಸಿತ್ತು. ನಿಮಗೂ ಈಗ ಹಾಗೇ ಅನ್ನಿಸುತ್ತಿದ್ದರೆ, ದಯವಿಟ್ಟು ಇದನ್ನು ಓದಿ ಆಮೇಲೆ ಪೆನ್ನು ಹಿಡಿಯಿರಿ.

2021ರ ಫೆಬ್ರವರಿಯಲ್ಲಿ ಮದುವೆ. 2023ರ ಮೇ ತಿಂಗಳಲ್ಲಿ ತವರಿಗೆ ಬಂದೆ. ಯಾಕೆ ಅನ್ನುವುದು ಬೇಡ, ಇಬ್ಬರಿಗೂ ಆಗಲಿಲ್ಲ ಅಷ್ಟೆ. ವರ್ಷ ಕಳೆದ ಮೇಲೆ ಇಬ್ಬರೂ ಒಪ್ಪಿ ಫ್ಯಾಮಿಲಿ ಕೋರ್ಟಿಗೆ ಅರ್ಜಿ ಹಾಕಿದೆವು. ಅದರ ಜೊತೆಗೆ ಒಂದು ಕರಾರುಪತ್ರ, ಪೂರ್ತಿ ಮಲಯಾಳದಲ್ಲಿ. ನಾನು ಕಲಿತದ್ದು ಕನ್ನಡ ಮೀಡಿಯಂ, ಕೆಲಸ ಮಂಗಳೂರಲ್ಲಿ. ಮಲಯಾಳ ಮಾತಾಡುತ್ತೇನೆ, ಓದಲಿಕ್ಕೆ ಬರುತ್ತಿರಲಿಲ್ಲ. ಕಾಸರಗೋಡಿನ ಕನ್ನಡದವರಲ್ಲಿ ನನ್ನಂಥವರು ಎಷ್ಟು ಜನ ಇದ್ದಾರೆ ಅಂತ ನಿಮಗೇ ಗೊತ್ತು. ವಕೀಲರ ಗುಮಾಸ್ತರು ಎರಡು ನಿಮಿಷದಲ್ಲಿ ಬಾಯಲ್ಲಿ ಹೇಳಿದರು: "ಇಬ್ಬರಿಗೂ ಇನ್ನು ಏನೂ ಕೊಡಲಿಕ್ಕಿಲ್ಲ, ತೆಗೊಳ್ಳಲಿಕ್ಕಿಲ್ಲ ಅಂತ ಇದೆ." ಸರಿ ಅಂತ ಸೈನ್ ಹಾಕಿದೆ. ಅದರಲ್ಲಿ ಇನ್ನೊಂದು ಸಾಲಿತ್ತು. ನನ್ನ ಒಡವೆಗಳೆಲ್ಲ ನನ್ನ ಕೈ ಸೇರಿವೆ ಅಂತ.

ಸೇರಿರಲಿಲ್ಲ. ಮದುವೆಗೆ ಹಾಕಿದ್ದು 32 ಪವನ್, ಅಂದರೆ 256 ಗ್ರಾಂ ಚಿನ್ನ. ಮನೆಗೆ ತಂದದ್ದು ಕರಿಮಣಿ, ಎರಡು ಬಳೆ, ಕಿವಿಯದ್ದು. ಉಳಿದದ್ದು ಅತ್ತೆ ಮತ್ತು ಗಂಡನ ಹೆಸರಲ್ಲಿದ್ದ ಲಾಕರಿನಲ್ಲಿ. ಮದುವೆಯಾದ ವಾರವೇ ಅತ್ತೆ "ನಿನ್ನ ಕೋಣೆಯ ಕಪಾಟಿಗೆ ಬೀಗ ಸರಿ ಇಲ್ಲ, ಇಲ್ಲಿ ಕೊಡು ಮಗಾ" ಅಂದಿದ್ದರು, ಕೊಟ್ಟಿದ್ದೆ. ಅತ್ತೆ ಕೆಟ್ಟವರು ಅಂತ ನಾನು ಹೇಳುವುದಿಲ್ಲ. ಆದರೆ ಕೊಟ್ಟದ್ದಕ್ಕೆ ನನ್ನ ಹತ್ತಿರ ಏನೂ ಇಲ್ಲ. ಲಾಕರ್ ನನ್ನ ಹೆಸರಲ್ಲಿಲ್ಲ, ಒಡವೆಯ ಪಟ್ಟಿ ಇಲ್ಲ, ಅಂಗಡಿಯ ಬಿಲ್ಲು ಅರ್ಧ ಮಾತ್ರ ಸಿಕ್ಕಿತು. ಈಗ ಆಧಾರ ಅಂತ ಇರುವುದು ಮದುವೆಯ ಆಲ್ಬಮ್ ಒಂದೇ. ಅದರಲ್ಲೂ ಸೆರಗು ಮುಚ್ಚಿದ ಕಡೆ ಸರ ಎಣಿಸಲಿಕ್ಕೆ ಆಗುವುದಿಲ್ಲ.

ತಿಳಿದವರು ಆಮೇಲೆ ಹೇಳಿದರು. ತವರಿಂದ ತಂದ ಒಡವೆ ಸ್ತ್ರೀಧನ, ಅದು ಹೆಂಡತಿಯದ್ದೇ. ಗಂಡನ ಮನೆಯವರ ಕೈಯಲ್ಲಿದ್ದರೂ ಅವರು ಅದನ್ನು ಕಾಯುವವರು ಮಾತ್ರ ಅಂತ ಸುಪ್ರೀಂ ಕೋರ್ಟ್ 1985ರಲ್ಲೇ ಹೇಳಿದೆ. 2024ರ ಏಪ್ರಿಲ್‌ನಲ್ಲಿ ನಮ್ಮ ಕೇರಳದ್ದೇ ಒಂದು ಕೇಸಿನಲ್ಲಿ ಮತ್ತೆ ಅದನ್ನೇ ಹೇಳಿತು. ಆ ಹೆಂಗಸಿಗೆ ಮದುವೆಗೆ ಹಾಕಿದ್ದು 89 ಪವನ್. ಮೊದಲ ರಾತ್ರಿಯೇ ಜೋಪಾನ ಮಾಡುತ್ತೇವೆ ಅಂತ ತೆಗೆದುಕೊಂಡರಂತೆ. ಕೋರ್ಟ್ 25 ಲಕ್ಷ ಕೊಡಿಸಿತು. ಆದರೆ ಮದುವೆ ಆದದ್ದು 2003ರಲ್ಲಿ! ಇಪ್ಪತ್ತು ವರ್ಷ ದಾಟಿದ ಮೇಲೆ ಸಿಕ್ಕಿದ ನ್ಯಾಯ. ಕಾನೂನು ನಮ್ಮ ಕಡೆ ಇದೆ ಅಂತ ಯಾರಾದರೂ ಸಮಾಧಾನ ಹೇಳಿದರೆ, ಎಷ್ಟು ವರ್ಷ ಅಂತ ಕೂಡ ಕೇಳಿ.

ಇನ್ನು ಮನೆಯ ವಿಷಯ. ನನಗೆ ಜಾಸ್ತಿ ಪೆಟ್ಟು ಬಿದ್ದದ್ದು ಇಲ್ಲೇ. ಮಾವನ ಜಾಗ, ಮಾವನ ಮನೆ. ಅದರ ಮೇಲೆ ನಮಗೆ ಅಂತ ಎರಡು ಕೋಣೆ ಕಟ್ಟಿಸಿದೆವು. ನನ್ನ ಉಳಿತಾಯದಿಂದ 6 ಲಕ್ಷ ಹಾಕಿದೆ, ಅದರಲ್ಲಿ 4 ಲಕ್ಷ ಬ್ಯಾಂಕಿನ ಮೂಲಕ ಹೋಯಿತು, 2 ಲಕ್ಷ ಮೇಸ್ತ್ರಿಗೆ, ಕಲ್ಲಿಗೆ, ಮರಳಿಗೆ ಅಂತ ಕೈಯಿಂದ ಕೈಗೆ. ಸಾಲದ್ದಕ್ಕೆ ಬ್ಯಾಂಕ್ ಸಾಲ, ಇಬ್ಬರ ಹೆಸರಲ್ಲಿ. ನನ್ನ ಸಂಬಳ ಇದ್ದದ್ದಕ್ಕೇ ಸಾಲ ಸಿಕ್ಕಿದ್ದು. ಗಂಡ ಹೆಂಡತಿ ಅಂದ ಮೇಲೆ ಬೇರೆ ಬೇರೆ ಅಂತ ಲೆಕ್ಕ ಇಡುತ್ತಾರಾ ಅಂತ ಆಗ ಅಂದುಕೊಂಡಿದ್ದೆ.

ಡೈವೋರ್ಸ್ ಆದರೆ ಎಲ್ಲದರಲ್ಲೂ ಅರ್ಧ ಹೆಂಡತಿಗೆ ಅಂತ ಮೊಬೈಲಿನಲ್ಲಿ ಓದಿದವರು ತುಂಬ ಜನ ಇದ್ದಾರೆ. ಹಾಗಿಲ್ಲ. ಗೋವಾದಲ್ಲಿ ಗಂಡ ಹೆಂಡತಿಯ ಆಸ್ತಿ ಒಟ್ಟು ಅನ್ನುವ ಹಳೆಯ ಕಾನೂನು ಉಂಟು, ನಮ್ಮಲ್ಲಿಲ್ಲ. ನಮ್ಮಲ್ಲಿ ದಾಖಲೆ ಯಾರ ಹೆಸರಲ್ಲಿದೆಯೋ ಆಸ್ತಿ ಅವರದ್ದು, ದುಡ್ಡು ಹಾಕಿದ್ದೇನೆ ಅನ್ನುವವರೇ ಅದನ್ನು ತೋರಿಸಬೇಕು. ಮಾವನ ಜಾಗದ ಮೇಲೆ ಕಟ್ಟಿದ ಕೋಣೆಯನ್ನು ಎತ್ತಿಕೊಂಡು ಬರಲಿಕ್ಕೆ ಆಗುತ್ತದಾ? ಕೈಯಲ್ಲಿ ಕೊಟ್ಟ ಆ 2 ಲಕ್ಷಕ್ಕೆ ಒಂದು ಚೀಟಿಯೂ ಇಲ್ಲ.

ಅದಕ್ಕಿಂತ ಬೇಸರ ಆದದ್ದು ಸಾಲದಿಂದ. ಕರಾರಿನಲ್ಲಿ ಸಾಲ ಗಂಡನೇ ಕಟ್ಟುತ್ತಾರೆ ಅಂತ ಇದೆ, 2025ರ ಜನವರಿಯಲ್ಲಿ ಕೋರ್ಟ್ ಆದೇಶವೂ ಬಂತು. ಆದರೆ ಬ್ಯಾಂಕಿಗೆ ಅದು ಲೆಕ್ಕಕ್ಕಿಲ್ಲ. ಬ್ಯಾಂಕಿನ ಕಾಗದದಲ್ಲಿ ನನ್ನ ಸೈನ್ ಇರುವ ತನಕ ನಾನೂ ಸಾಲಗಾರಳೇ. ಅವರು ಮೂರು ಕಂತು ತಪ್ಪಿಸಿದರು. ಫೋನು ಬಂದದ್ದು ನನಗೆ. ಸಿಬಿಲ್ ಸ್ಕೋರ್, ಅಂದರೆ ಸಾಲ ಕೊಡುವ ಮೊದಲು ಬ್ಯಾಂಕು ನೋಡುವ ಅಂಕ, ಇಳಿದದ್ದು ನನ್ನದು ಕೂಡ, ಸ್ವಂತಕ್ಕೆ ಒಂದು ಸಣ್ಣ ಸಾಲ ಕೇಳಿದಾಗ ಆಗುವುದಿಲ್ಲ ಅಂದರು. ಒಟ್ಟಿಗೆ ತೆಗೆದ ಸಾಲ ಇದ್ದರೆ, ಒಂದೋ ಅದು ತೀರಬೇಕು, ಇಲ್ಲ ನಿಮ್ಮ ಹೆಸರು ತೆಗೆದಿದ್ದೇವೆ ಅಂತ ಬ್ಯಾಂಕೇ ಬರೆದು ಕೊಡಬೇಕು. ಅದು ಕೈಗೆ ಬರುವ ಮೊದಲು ಕೋರ್ಟಿನಲ್ಲಿ ಕೊನೆಯ ಹೂಂ ಹೇಳಬೇಡಿ.

ಹಾಗೆ ಹೇಳದೆ ಇರಲಿಕ್ಕೆ ಆಗುತ್ತದೆ ಅಂತಲೇ ನನಗೆ ಗೊತ್ತಿರಲಿಲ್ಲ. ಒಪ್ಪಿಗೆಯ ವಿಚ್ಛೇದನಕ್ಕೆ ಅರ್ಜಿ ಹಾಕಿದ ಮೇಲೆ ಸಾಮಾನ್ಯವಾಗಿ 6 ತಿಂಗಳು ಇರುತ್ತದೆ. ಕೆಲವು ಸಲ ಕೋರ್ಟ್ ಅದನ್ನು ಬಿಟ್ಟುಕೊಡಬಹುದು ಅಂತ 2017ರ ತೀರ್ಪು ಇದೆ. ಏನೇ ಆಗಲಿ, ಆದೇಶ ಬರುವ ತನಕ ಸಾಮಾನ್ಯವಾಗಿ ಒಪ್ಪಿಗೆ ವಾಪಸ್ ತೆಗೊಳ್ಳಬಹುದು. ನಾನು ಆ 6 ತಿಂಗಳು ಸುಮ್ನೆ ದಿನ ಎಣಿಸಿದೆ. ಲಾಕರ್ ತೆರೆಸಬೇಕಿತ್ತು, ಬ್ಯಾಂಕಿಗೆ ಹೋಗಬೇಕಿತ್ತು, ಆ ಕರಾರನ್ನು ಒಬ್ಬರಿಂದ ಸಾಲು ಸಾಲಾಗಿ ಓದಿಸಬೇಕಿತ್ತು. ದುಡ್ಡಿಲ್ಲ ಅಂತಲೂ ಹಿಂಜರಿಯಬೇಡಿ. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಕೀಲರ ಸಹಾಯ ಉಚಿತ. ನಾನು ಹೋದದ್ದು ಎಲ್ಲ ಮುಗಿದ ಮೇಲೆ.

ನನಗೆ ಅವರ ತೋಟದಲ್ಲಿ ಒಂದು ಅಡಿಕೆ ಮರವೂ ಬೇಡ. ಅವರ ಕಡೆಯಿಂದ ಹಾಕಿದ ಸರವನ್ನು ನಾನೇ ವಾಪಸ್ ಕೊಟ್ಟಿದ್ದೇನೆ. ಎರಡು ವರ್ಷದ ಮದುವೆಯಲ್ಲಿ ನ್ಯಾಯ ಅಂದರೆ ಅಷ್ಟೇ ಅಲ್ವಾ, ತಂದದ್ದು ತಂದವರಿಗೆ, ಒಟ್ಟಿಗೆ ಮಾಡಿದ್ದು ಹಾಕಿದಷ್ಟು, ಸಾಲವೂ ಹಾಗೇ. ಇದನ್ನು ಕೇಳಿದರೆ ದುರಾಸೆ ಅಂದವರು ನಮ್ಮ ನೆಂಟರಲ್ಲೇ ಇದ್ದಾರೆ. ಮಕ್ಕಳಿಲ್ಲ ಅಂದರೆ ಲೆಕ್ಕವೂ ಇಲ್ಲ ಅಂತ ಯಾರು ಹೇಳಿದ್ದು?

ಒಡವೆಗೆ ಈಗ ಬೇರೆ ಕೇಸು ಹಾಕಿದ್ದೇನೆ. ನಾನೇ ಸೈನ್ ಹಾಕಿದ ಆ ಸಾಲನ್ನು ಎದುರಿನ ವಕೀಲರು ಪ್ರತಿ ಸಲ ಓದುತ್ತಾರೆ. ಈಗ ನನಗೂ ಅದು ಓದಲಿಕ್ಕೆ ಬರುತ್ತದೆ, ಪಕ್ಕದ ಮನೆಯ ಹೈಸ್ಕೂಲ್ ಹುಡುಗಿಯ ಹತ್ತಿರ ಅಕ್ಷರ ಕಲಿತೆ. ಬದಿಯಡ್ಕ, ಪೆರ್ಲ, ಕುಂಬಳೆ ಕಡೆಯ ಯಾರ ಕೈಯಲ್ಲಾದರೂ ಅಂಥ ಕಾಗದ ಇದ್ದರೆ, ಸೈನ್ ಹಾಕುವ ಮೊದಲು ತನ್ನಿ. ಒಟ್ಟಿಗೆ ಕೂತು ಓದೋಣ.